ಅಪ್ಪನ ಹಣೆಯ ಮೇಲಿನ ಬೂಷ್ಟು

ಅಪ್ಪ ಹೇಗಿದ್ದ ಎಂದು ಯಾರಾದರೂ ಕೇಳಿದರೆ ತೋರಿಸಲು ನನ್ನ ಬಳಿ ಇದ್ದದ್ದು ಒಂದೇ ಒಂದು ಫೋಟೋ. ಅದೂ ಅವನು ಸತ್ತ ದಿನ ತೆಗೆಸಿದ್ದು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತೇವೆ. ಹಣೆಗೆ ವಿಭೂತಿ ಬಳಿದು, ಕೊರಳಿಗೆ ಹಾರ ಹಾಕಿ, ಹೆಂಡತಿ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿ, ಪೇಟೆಯಿಂದ ಸ್ಟುಡಿಯೋದವನನ್ನು ಕರೆಸುತ್ತಾರೆ. ಬದುಕಿದ್ದಾಗ ಫೋಟೋ ತೆಗೆಸುವ ಪುರುಸೊತ್ತು ಯಾರಿಗಿತ್ತು? ಎಪ್ಪತ್ತರ ದಶಕದ ಶುರುವಿನಲ್ಲಿ, ಚನ್ನಗಿರಿ ಹತ್ತಿರದ ನಲ್ಲೂರಿನಲ್ಲಿ, ಜ್ವರ ಬಂದು ತೀರಿಕೊಂಡ ಅಪ್ಪ ಹೀಗೆ ಕಣ್ಣು ಮುಚ್ಚಿ ಕುಳಿತೇ ಗಾಜಿನ ಕಟ್ಟಿನೊಳಗೆ ಸೇರಿದ. ಪಕ್ಕದಲ್ಲಿ ಅವ್ವ, ಅವಳ ತೊಡೆಯ ಮೇಲೆ ಎತ್ತಲೋ ನೋಡುತ್ತಿರುವ ಮೂರು ವರ್ಷದ ನಾನು. ಅವನದು ಬೇರೆ ಯಾವ ನೆನಪೂ ನನಗಿಲ್ಲ.

ಆಮೇಲೆ ಅವ್ವನಿಗೆ ಹೊನ್ನಾಳಿಯ ಒಂದು ಹಾಸ್ಟೆಲ್ಲಿನಲ್ಲಿ ಅಡುಗೆ ಕೆಲಸ ಸಿಕ್ಕಿತು. ಹೊಳೆಗೆ ಹತ್ತಿರ ಒಂದು ಬಾಡಿಗೆ ಮನೆ ಹಿಡಿದೆವು. ಆ ಮನೆಯನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ನಮ್ಮ ನಡುಮನೆಯ ಗೋಡೆಯ ಆಚೆ ಮಾಲೀಕರ ಬಚ್ಚಲು. ಅವರ ಮನೆಯವರೆಲ್ಲ ಮಿಂದ ನೀರನ್ನು ನಮ್ಮ ಗೋಡೆ ಕುಡಿಯುತ್ತಿತ್ತು. ಮಳೆ ಹಿಡಿಯಿತೆಂದರೆ ಗೋಡೆಯಿಂದ ಹೊರಟ ಬೂಷ್ಟು ದಿಂಬಿಗೆ, ಚಪ್ಪಲಿಗೆ, ನನ್ನ ಪುಸ್ತಕದ ಬೆನ್ನಿಗೆ, ಉಪ್ಪಿನಕಾಯಿ ಜಾಡಿಯ ಬಾಯಿಗೆ ಹತ್ತುತ್ತಿತ್ತು. ಅವ್ವ ಜಗಳೂರು ತಾಲ್ಲೂಕಿನ ಸೊಕ್ಕೆಯವಳು. ಒಗೆದ ಸೀರೆ ಇನ್ನೊಂದು ಸೀರೆ ಹಿಂಡುವಷ್ಟರಲ್ಲಿ ಒಣಗುವ ಊರು ಅದು. ಇಲ್ಲಿ ಮೂರು ದಿನವಾದರೂ ಒಣಗದ ಸೆರಗನ್ನು ಮೂಸಿ ನೋಡಿ ಮುಖ ಕಿವಿಚುತ್ತಿದ್ದಳು.

ನಾವೇನು ಸುಮ್ಮನೆ ಕೂರಲಿಲ್ಲ. ಸುಣ್ಣ ಬಳಿದೆವು. ಅಡಿಕೆ ಗೊನೆಗೆ ಹೊಡೆಯುವ ಮೈಲುತುತ್ತವನ್ನು ಸುಣ್ಣಕ್ಕೆ ಬೆರೆಸಿ ಬಳಿದೆವು. ಗೋಡೆ ನೀಲಿಯಾಯಿತು, ಬೂಷ್ಟು ನೀಲಿಯ ಮೇಲೆ ಇನ್ನೂ ಚೆನ್ನಾಗಿ ಕಂಡಿತು. ಸೀಮೆಎಣ್ಣೆ ಬಟ್ಟೆಯಲ್ಲಿ ಉಜ್ಜಿ, ಊಟಕ್ಕೂ ಅದೇ ವಾಸನೆ ಹಿಡಿಸಿಕೊಂಡೆವು. ನ್ಯಾಮತಿಯಿಂದ ಬಂದ ಗಾರೆಯವನು ಸಿಮೆಂಟು ಮೆತ್ತಿ ಹೋದ. ನಾವು ಚಾಪೆ ಕೆಳಗೆ ತೂರಿದರೆ ಬೂಷ್ಟು ರಂಗೋಲಿ ಕೆಳಗೆ ತೂರುತ್ತಿತ್ತು. ನಾನು ಎಷ್ಟೋ ಸಲ ಗೋಡೆಗೆ ಹಣೆ ಚಚ್ಚಿಕೊಳ್ಳೋಣ ಎಂದುಕೊಂಡಿದ್ದೇನೆ. ಅದಕ್ಕೂ ಆ ಗೋಡೆಯ ಮೇಲೆ ಒಣಗಿದ ಜಾಗ ಇರಲಿಲ್ಲ.

ನಾನು ಕಾಲೇಜಿಗೆ ಸೇರಿದ ವರ್ಷ ಆಷಾಢದ ಮಳೆ ಬಿಡದೆ ಹಿಡಿಯಿತು. ಒಂದು ಬೆಳಿಗ್ಗೆ ನೋಡುತ್ತೇನೆ, ಬೂಷ್ಟು ಫೋಟೋದ ಗಾಜಿನೊಳಗೆ ಹೊಕ್ಕಿದೆ. ಅದಕ್ಕೆ ಬೇರೆಲ್ಲೂ ಜಾಗ ಸಿಗಲಿಲ್ಲವೇ? ನೆಟ್ಟಗೆ ಅಪ್ಪನ ಹಣೆಯ ಮೇಲೆ, ಫೋಟೋದಲ್ಲಿ ಮಾಸಿಹೋಗಿದ್ದ ವಿಭೂತಿಯ ಜಾಗದಲ್ಲಿ, ಬೆಳ್ಳಗೆ ಕುಳಿತಿತ್ತು. ಕಟ್ಟು ಬಿಚ್ಚಿ ಒರೆಸಬೇಕೆಂದು ಸ್ಟೂಲು ಎಳೆಯುವಷ್ಟರಲ್ಲಿ ಮಜ್ಜಿಗೆ ಕೇಳಲು ಬಂದ ಪಕ್ಕದ ಮನೆ ಅಜ್ಜಿ ಅದನ್ನು ಕಂಡು ಎರಡೂ ಕೈ ಮುಗಿದುಬಿಟ್ಟಳು.

"ಅಯ್ಯೋ ಶಿವನೇ! ವಿಭೂತಿ ತಾನಾಗೇ ಮೂಡೈತಲ್ಲವ್ವಾ! ಎಂಥಾ ಪುಣ್ಯಾತ್ಮರು ಇದ್ದಿರಬೇಕು!"

ಸಂಜೆಯೊಳಗೆ ಕೇರಿಯ ಹೆಂಗಸರೆಲ್ಲ ಬಂದರು. ಊದುಬತ್ತಿ ಹಚ್ಚಿದರು, ಕಾಯಿ ಒಡೆದರು. ನನಗೆ ತಡೆಯಲಾಗಲಿಲ್ಲ. "ಅದು ವಿಭೂತಿ ಆದ್ರೆ ನನ್ನ ಚಪ್ಪಲಿ ಮ್ಯಾಲೆ ಮೂಡಿರೋದೇನು ಅಜ್ಜಿ? ಅದಕ್ಕೂ ಕೈ ಮುಗೀರಿ" ಎಂದೆ. ಅಜ್ಜಿ ಕೆನ್ನೆ ಬಡಿದುಕೊಂಡಳು. ಅವ್ವ ನನ್ನನ್ನು ಬೈಯಲಿಲ್ಲ, ಅಜ್ಜಿಯ ಮಾತಿಗೆ ಹೂಂ ಅನ್ನಲೂ ಇಲ್ಲ. "ಅದನ್ನ ಯಾರೂ ಮುಟ್ಟಬ್ಯಾಡ್ರಿ" ಎಂದಷ್ಟೇ ಹೇಳಿದಳು.

ಹೆಂಗಸರು ನಾಲ್ಕು ದಿನ ಬಂದು, ಆಮೇಲೆ ಬಿಟ್ಟರು. ಬೂಷ್ಟು ಬಿಡಲಿಲ್ಲ. ಹಣೆಯಿಂದ ಹುಬ್ಬಿಗೆ ಇಳಿಯಿತು, ಹುಬ್ಬಿನಿಂದ ಮೂಗಿನ ಕಡೆಗೆ. ಕಾಲೇಜಿನಿಂದ ಬಂದವಳೇ ಮೊದಲು ಅಪ್ಪ ಎಷ್ಟು ಉಳಿದಿದ್ದಾನೆ ಎಂದು ನೋಡುತ್ತಿದ್ದೆ. ಒರೆಸಲು ಹೋದಾಗಲೆಲ್ಲ ಅವ್ವ ಗದರಿಸುತ್ತಿದ್ದಳು. ಕಡೆಗೆ ಅವಳಿಗೆ ಹೇಳದೆ ಚನ್ನಗಿರಿಯ ಬಸ್ಸು ಹತ್ತಿದೆ. ಅಂದು ಫೋಟೋ ತೆಗೆದವರು ಇನ್ನೂ ಸ್ಟುಡಿಯೋ ನಡೆಸುತ್ತಿದ್ದರು. ಬೂಷ್ಟು ಹಿಡಿದದ್ದು ಹೇಳಿ ನೆಗೆಟಿವ್ ಕೇಳಿದೆ.

"ಅಷ್ಟು ಹಳೇ ನೆಗೆಟಿವ್ ಎಲ್ಲಿ ಉಳೀತೈತೆ ತಾಯಿ? ಅವಕ್ಕೂ ಇದೇ ಗತಿ ಆತು" ಎಂದರು. ನನ್ನ ಕಣ್ಣು ತುಂಬಿದ್ದು ನೋಡಿ, "ಕಟ್ಟು ಬಿಚ್ಚಬ್ಯಾಡ್ರಿ, ಗಾಜಿಗೆ ಅಂಟಿರ್ತೈತೆ, ಎಳೆದ್ರೆ ಮುಖ ಕಿತ್ತು ಬರ್ತೈತೆ. ಹಂಗೇ ತನ್ನಿ. ಇರೋ ಮುಖ ಹೋಗೋದ್ರೊಳಗೆ ಅದರ ಮ್ಯಾಲಿಂದ ಇನ್ನೊಂದು ಫೋಟೋ ತೆಗೆದು ಕೊಡ್ತೀನಿ" ಎಂದರು.

ಬಸ್ಸಿಳಿದು ಓಡುತ್ತಲೇ ಮನೆಗೆ ಬಂದೆ. ಫೋಟೋ ಇಳಿಸಿ ಟವಲಿನಲ್ಲಿ ಸುತ್ತುತ್ತಿದ್ದಾಗ ಅವ್ವ ಹಾಸ್ಟೆಲ್ಲಿನಿಂದ ಬಂದಳು. ವಿಷಯ ಹೇಳಿದೆ. ಅವಳು ಕಟ್ಟಿನ ಇನ್ನೊಂದು ತುದಿ ಹಿಡಿದುಕೊಂಡಳು.

"ಇನ್ನೊಂದು ಮಾಡ್ಸಿ ಅದನ್ನೂ ಗೋಡೆಗೆ ತೂಗಾಕ್ತೀಯಾ? ಆ ಹೆಣದ ಮುಖ ನೋಡಿ ನೋಡಿ ನಂಗೆ ಸಾಕಾಗೈತೆ. ಎದ್ರೂ ಅದೇ, ಉಣ್ಣಾಕೆ ಕೂತ್ರೂ ಅದೇ. ಬೂಷ್ಟು ಅಂತ ನಂಗೂ ಗೊತ್ತೈತೆ. ತಿಂದು ಮುಗಿಸ್ಲಿ ಬಿಡು! ಇದು ಹೋದ್ರಾದ್ರೂ ಅವ್ರು ಬದುಕಿದ್ದಾಗಿನ ಮುಖ ನೆನಪಿಗೆ ಬರ್ತೈತೇನೋ."

ಹತ್ತಾರು ವರ್ಷ ಒಂದೇ ಸೂರಿನಡಿ ಇದ್ದರೂ ಇದು ನನಗೆ ಗೊತ್ತಿರಲಿಲ್ಲ. ಗೊತ್ತಾಗಿಯೂ ಸಿಟ್ಟು ಇಳಿಯಲಿಲ್ಲ.

"ನಿಂಗಾದ್ರೆ ಇನ್ನೊಂದು ಮುಖ ಐತೆ. ನಂಗೇನೈತೆ? ಹೇಳು ಹಂಗಾದ್ರೆ, ಅಪ್ಪ ಹೆಂಗಿದ್ದ?"

ಅವ್ವ ನೆಲದ ಮೇಲೆ ಕುಳಿತಳು. "ಎತ್ತರ ಇದ್ರು. ಬಾಗ್ಲಲ್ಲಿ ಬಗ್ಗಿ ಬರಬೇಕಿತ್ತು. ಬಾಯಿ ತುಂಬ ಎಲೆ ಅಡಿಕೆ. ಅದರಾಗೇ ಮಾತಾಡೋರು. ನಗುವಾಗ ಕಣ್ಣು..." ಎಂದವಳು ನಿಲ್ಲಿಸಿದಳು. ಅವಳು ತನ್ನ ಕಣ್ಣು ಮುಚ್ಚಿಕೊಂಡು ಹುಡುಕಿದಳು. ತೆರೆದು ಸೂರು ನೋಡಿದಳು. "ಮುಚ್ಚಿದ್ದೇ ಬರ್ತೈತಲ್ಲೇ... ಎಷ್ಟು ಯೋಚ್ನೆ ಮಾಡಿದ್ರೂ ಮುಚ್ಚಿದ್ದೇ ಬರ್ತೈತಲ್ಲೇ" ಎಂದು ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು.

ಫೋಟೋವನ್ನು ಮತ್ತೆ ಮೊಳೆಗೆ ಸಿಕ್ಕಿಸಿದವಳು ನಾನೇ. ಇಬ್ಬರಲ್ಲಿ ಒಬ್ಬರಿಗಾದರೂ ಅಪ್ಪ ಕಣ್ಣು ಬಿಡಲಿ ಎಂದು. ಆಮೇಲೆ ನಾವು ಅದನ್ನು ಒರೆಸಲೂ ಇಲ್ಲ, ಬಿಸಿಲಿಗೆ ಹಿಡಿಯಲೂ ಇಲ್ಲ. ದೀಪಾವಳಿಯ ಹೊತ್ತಿಗೆ ಗಾಜಿನೊಳಗೆ ಅವ್ವ ಮತ್ತು ನಾನು ಮಾತ್ರ ಉಳಿದೆವು.

ಅವ್ವ ಇರುವವರೆಗೂ ಆಗಾಗ ಕೇಳುತ್ತಿದ್ದೆ, ನೆನಪಿಗೆ ಬಂತಾ ಅವ್ವಾ ಎಂದು. ಬರಲಿಲ್ಲ.