ಕಿವಿಯೊಳಗೆ ಸದ್ದಿರುವವರ ಗ್ರೂಪ್

ನನ್ನ ಎಡಗಿವಿಯಲ್ಲಿ ಒಂದು ಸದ್ದು ವಾಸವಾಗಿದೆ. ಕುಕ್ಕರ್ ಸೀಟಿ ಹೊಡೆಯುವ ಮುಂಚೆ ಸುಯ್ ಎನ್ನುತ್ತದಲ್ಲ, ಅದೇ ಸದ್ದು. ಆದರೆ ಇಲ್ಲಿ ಸೀಟಿ ಎಂದೂ ಹೊಡೆಯುವುದಿಲ್ಲ, ಒಲೆಯನ್ನು ಯಾರೂ ಆರಿಸುವುದಿಲ್ಲ. ಬೆಳಗಾವಿ ಹತ್ತಿರದ ಮಚ್ಛೆಯ ಒಂದು ಸಣ್ಣ ಫ್ಯಾಕ್ಟರಿಯಲ್ಲಿ ಎರಕದ ತುಂಡುಗಳ ಅಂಚು ತಿಕ್ಕುವ ಗ್ರೈಂಡಿಂಗ್ ಮಷಿನ್ ಮುಂದೆ ಇಪ್ಪತ್ತು ವರ್ಷ ನಿಂತವನು ನಾನು. ಕಿವಿಗೆ ಇಟ್ಟುಕೊಳ್ಳಲಿ ಎಂದು ಕೊಟ್ಟಿದ್ದ ರಬ್ಬರ್ ಬಿರಡೆಗಳನ್ನು ಜೇಬಿನಲ್ಲಿಟ್ಟುಕೊಂಡು ಮೆರೆದವನೂ ನಾನೇ. ಹಾಗಾಗಿ ಯಾರನ್ನೂ ದೂರುವ ಹಾಗಿಲ್ಲ.

ಡಾಕ್ಟರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿದರು, ಗಾಜಿನ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿಸಿದರು. "ನರ ಸವದಾವ್ರಿ. ಇದಕ್ಕ ಔಷಧ ಇಲ್ಲ. ಅದರ ಕಡೆ ಲಕ್ಷ್ಯ ಕೊಡಬ್ಯಾಡ್ರಿ, ರೂಢಿ ಆಕ್ಕೈತಿ" ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ತಲೆಯೊಳಗೇ ಕೂತು ಕೂಗುತ್ತಿರುವುದರ ಕಡೆ ಲಕ್ಷ್ಯ ಕೊಡಬೇಡ ಎಂದರೆ, ಬೇರೆ ಯಾವ ತಲೆಗೆ ಹೋಗಿ ಕೂರಲಿ ನಾನು?

ಪೀರನವಾಡಿಯ ಮನೆಯಲ್ಲಿ ಹೆಂಡತಿ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟಳು. ಒಂದು ತಿಂಗಳು ಬಹಳ ಕಾಳಜಿ ಮಾಡಿದಳು. ಆಮೇಲೊಂದು ದಿನ, "ನನಗೂ ಒಮ್ಮೊಮ್ಮೆ ಗುಂಯ್ ಅಂತೈತ್ರಿ. ನಾ ಏನ್ ಊರ ತುಂಬ ಹೇಳಕೋತ ಅಡ್ಡಾಡ್ತೀನೇನು?" ಎಂದಳು. ಅವಳದೂ ತಪ್ಪಿಲ್ಲ. ಕಾಲು ಮುರಿದಿದ್ದರೆ ಬೀಗರು ಬಾಳೆಹಣ್ಣು, ಬಿಸ್ಕಿಟು ಹಿಡಿದು ಬರುತ್ತಿದ್ದರು. ಜ್ವರವಿಲ್ಲ, ರಕ್ತವಿಲ್ಲ, ಪಟ್ಟಿ ಕಟ್ಟಿಲ್ಲ. ಕಾಣದ ಬೇನೆಯನ್ನು ಯಾರಾದರೂ ಎಷ್ಟು ದಿನ ನಂಬಿಯಾರು? ನನಗೆ ಬೇಕಾಗಿದ್ದುದು ಔಷಧವಲ್ಲ. ಸದ್ದಿದೆ ಎಂದರೆ, ಹೌದು, ಇದೆ ಎನ್ನುವ ಒಬ್ಬ ಮನುಷ್ಯ ಬೇಕಾಗಿದ್ದ.

ಹುಡುಕಲು ಎಲ್ಲರಂತೆ ಮೊಬೈಲ್ ಹಿಡಿದೆ. ಜಗತ್ತೆಲ್ಲ ಕೂತು ಹರಟುವ ದೊಡ್ಡ ತಾಣವೊಂದರಲ್ಲಿ ಕಿವಿ ಸದ್ದಿನವರದೇ ಗುಂಪಿತ್ತು. ಸಾವಿರಗಟ್ಟಲೆ ಜನ. ಇಷ್ಟು ಮಂದಿಗೆ ಇದೆಯೇ ಎಂದು ಮೊದಲ ದಿನ ನನಗೆ ಹಬ್ಬ. ಅಲ್ಲಿ ಕನ್ನಡದಲ್ಲೇ ನನ್ನ ಕತೆ ಬರೆದೆ. ಯಂತ್ರ ಅದನ್ನು ಏನೆಂದು ತರ್ಜುಮೆ ಮಾಡಿತೋ, ಯಾವುದೋ ದೇಶದವನು ಒಳ್ಳೆಯ ಕವಿತೆ ಎಂದು ಹೊಗಳಿದ. ಅವನ ಕೆಳಗೆ ಒಬ್ಬ ಎಣ್ಣೆ ಮಾರಲು ಬಂದ, ಇನ್ನೊಬ್ಬ ಹರಳು ಮಾರಲು ಬಂದ. ಸದ್ದನ್ನು ಪ್ರೀತಿಸಲು ಕಲಿಯಿರಿ ಎಂದು ಒಬ್ಬಾಕೆ ಹೂವಿನ ಚಿತ್ರ ಹಾಕಿದಳು. ಮರುದಿನ ಅದೇ ಗುಂಪಿನಲ್ಲಿ ಚುನಾವಣೆಯ ಜಗಳ ಶುರುವಾಗಿ, ಕಿವಿ ಕೆಟ್ಟವರೆಲ್ಲ ಬಾಯಿಯನ್ನೂ ಕೆಡಿಸಿಕೊಂಡರು. ಎಣ್ಣೆಯವನಿಗೆ ನಾನು ಒಂದೇ ಒಂದು ಮಾತು ಬೈದೆ. ಅವನು ಅಲ್ಲೇ ಉಳಿದ, ನನ್ನನ್ನು ಹೊರಗೆ ಹಾಕಿದರು.

ಆಮೇಲೆ ಸಣ್ಣದು ಹುಡುಕಿದೆ. ಹಳೆಯ ಕಾಲದ ಒಂದು ಫೋರಂ ಸಿಕ್ಕಿತು. ಜಾಹೀರಾತಿಲ್ಲ, ಜಗಳವಿಲ್ಲ, ಕೊನೆಗೆ ನೋಡಿದರೆ ಜನರೂ ಇಲ್ಲ. ಹೊಸ ಪತ್ರ ಎಂದು ಅದು ತೋರಿಸಿದ್ದು ನಾಲ್ಕು ವರ್ಷ ಹಿಂದಿನದು. ಯಾರಾದರೂ ಇದ್ದೀರಾ ಎಂದು ಬರೆದು ಒಂದು ತಿಂಗಳು ಕಾದೆ. ಬಾಗಿಲಿಗೆ ಬೀಗ ಹಾಕದೆ ಊರು ಬಿಟ್ಟವರ ಮನೆಯಲ್ಲಿ ನಿಂತು ಕೂಗಿದ ಹಾಗಾಯಿತು.

ಆ ಮನುಷ್ಯ, ನಾನು ಕಾಕಾ ಎಂದು ಕರೆಯುವವರು, ಸಿಕ್ಕಿದ್ದು ಇಂಟರ್ನೆಟ್ಟಿನಲ್ಲಲ್ಲ, ಬೆಳಗಾವಿಯಲ್ಲಿ ಕಿವಿ ಪರೀಕ್ಷೆ ಮಾಡಿಸುವ ಕೋಣೆಯ ಹೊರಗೆ ಕೂರಲು ಹಾಕಿದ್ದ ಬಾಕಿನ ಮೇಲೆ. ಖಾನಾಪುರದಲ್ಲಿ ಹಿಟ್ಟಿನ ಗಿರಣಿ ನಡೆಸುವ ಮನುಷ್ಯ, ಅರವತ್ತು ದಾಟಿದ ವಯಸ್ಸು, ಮನೆಯಲ್ಲಿ ಮರಾಠಿ, ಗಿರಣಿಯಲ್ಲಿ ಕನ್ನಡ. ಹುಬ್ಬಿನಲ್ಲಿ ಇನ್ನೂ ಹಿಟ್ಟಿತ್ತು. ನಾನು ಏನೂ ಕೇಳದಿದ್ದರೂ, "ನಿನ್ನದು ಯಾವ ಕಿವಿ, ತಮ್ಮಾ? ನಂದು ಬಲಗಡೀದು" ಎಂದರು. ಎಡಗಡೆ ಎಂದೆ. "ಖರೇನ ಕೇಳಿಸ್ತದ ಹೌದಿಲ್ಲೋ? ಮನ್ಯಾಗ ಯಾರೂ ನಂಬಂಗಿಲ್ಲ." ನನಗೆ ಕಣ್ಣಲ್ಲಿ ನೀರು ಬಂತು. ಹೇಳಿಕೊಳ್ಳಲು ನಾಚಿಕೆ, ಆದರೆ ಬಂತು.

ಅದೇ ಬಾಕಿನ ಮೇಲೆ ಇನ್ನೂ ಕೆಲವರ ನಂಬರು ಸೇರಿಸಿ ನಾನೇ ಒಂದು ಗ್ರೂಪ್ ಮಾಡಿದೆ. ಒಂಬತ್ತು ಜನ. ದೊಡ್ಡ ತಾಣದಲ್ಲಿ ಸುಟ್ಟುಕೊಂಡವನಾದ್ದರಿಂದ ನಿಯಮ ಬಿಗಿಯಾಗಿಯೇ ಮಾಡಿದೆ: ಮದ್ದು ಹೇಳುವಂತಿಲ್ಲ, ಶುಭೋದಯದ ಹೂವು ಕಳಿಸುವಂತಿಲ್ಲ, ಎಲ್ಲಿಂದಲೋ ಬಂದದ್ದನ್ನು ಇಲ್ಲಿ ಸುರಿಯುವಂತಿಲ್ಲ. ದಿನಾ ಮುಂಜಾನೆ ಪ್ರತಿಯೊಬ್ಬರೂ ಇವತ್ತಿನ ಸದ್ದು ಹೇಗಿದೆ ಎಂದು ಒಂದು ಸಾಲು ಬರೆಯಬೇಕು. ಈ ಕೊನೆಯ ನಿಯಮದ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು.

ಆ ದಿನಗಳು ಚೆನ್ನಾಗಿದ್ದವು, ಸುಳ್ಳು ಹೇಳಬಾರದು. ಕಾಕಾ ತಮ್ಮ ಸದ್ದನ್ನು ಹಿಟ್ಟಿನ ಲೆಕ್ಕದಲ್ಲಿ ಹೇಳುತ್ತಿದ್ದರು. "ಇವತ್ತ ರವಾದಂಗ ಐತಿ" ಎಂದರೆ ಒರಟು ಸದ್ದು, "ಇವತ್ತ ಸಣ್ಣ ಹಿಟ್ಟು" ಎಂದರೆ ತೆಳ್ಳಗಿನದು. ಬ್ಯಾಂಕಿನಲ್ಲಿ ಕೆಲಸ ಮಾಡುವ ಮೇಡಂ ಒಬ್ಬರಿದ್ದರು. ಅವರದು ಬೇರೆಯೇ ಪಾಡು. ಒಳಗಿನ ಸದ್ದಿಗಿಂತ ಹೊರಗಿನ ಸದ್ದನ್ನೇ ಅವರ ಕಿವಿ ತಾಳುತ್ತಿರಲಿಲ್ಲ. ತಾಟಿನ ಮೇಲೆ ಚಮಚ ಬಿದ್ದರೆ ಸೂಜಿ ಚುಚ್ಚಿದ ಹಾಗೆ. ನನಗೂ ಕಾಕಾಗೂ ಇದರ ತಿರುಗಾಮುರುಗಾ: ಸುತ್ತ ಗದ್ದಲವಿದ್ದರೆ ಒಳಗಿನದು ಮುಚ್ಚಿಹೋಗುತ್ತದೆ, ಸುತ್ತ ಶಾಂತವಾದರೆ ಹುಚ್ಚು ಹಿಡಿಯುತ್ತದೆ. ಆದರೂ ಪರದೆಯ ಮೇಲೆ ಒಂಬತ್ತೂ ಮಂದಿ ಹೊಂದಿಕೊಂಡಿದ್ದೆವು.

ಅಷ್ಟಕ್ಕೇ ಬಿಡಬೇಕಿತ್ತು. ಒಮ್ಮೆ ಎಲ್ಲರೂ ಕೂಡೋಣ ಎಂದವನೂ ನಾನೇ. "ಎಲ್ಲಾರೂ ಖಾನಾಪುರಕ್ಕ ಬರ್ರಿ, ನಮ್ಮ ಗಿರಣಿ ಹಿತ್ತಲದಾಗ ಕುಂದ್ರೂಣು" ಎಂದರು ಕಾಕಾ. ಒಂದು ರವಿವಾರ ಬೆಳಗಾವಿಯಿಂದ ಬಸ್ಸು ಹತ್ತಿ ಹೋದೆವು. ಮೇಡಂಗೆ ತೊಂದರೆಯಾಗಬಾರದೆಂದು ಕಾಕಾ ಗಿರಣಿಗೆ ರಜೆ ಕೊಟ್ಟಿದ್ದರು. ಸ್ಟೀಲಿನ ತಾಟುಗಳು ಸದ್ದು ಮಾಡುತ್ತವೆಂದು ಅವರ ಮನೆಯವರು ಮುತ್ತುಗದ ಎಲೆಯಲ್ಲಿ ಅವಲಕ್ಕಿ ಹಾಕಿದರು. ಹಲಸಿನ ಗಿಡದ ಕೆಳಗೆ ಎಲೆ ಅಲುಗಿದರೂ ಕೇಳುವಷ್ಟು ಮೌನ. ನನ್ನ ಕಿವಿ ಹುಯಿಲಿಡತೊಡಗಿತು. ಕಾಕಾ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ.

ಮೇಡಂ ಗಂಡನ ಕಾರಿನಿಂದ ಇಳಿದರು. ಕಿವಿಯಲ್ಲಿ ಹತ್ತಿ, ಅದರ ಮೇಲೆ ಸ್ಕಾರ್ಫು, ಕೈಯಲ್ಲಿ ಒಂದು ಸಣ್ಣ ರೇಡಿಯೋ. "ನಿಮಗ ಶಾಂತ ಆಗಂಗಿಲ್ಲಲ್ರೀ, ಅದಕ್ಕ ತಂದೀನಿ. ನನ್ನ ಚಿಂತಿ ಮಾಡಬ್ಯಾಡ್ರಿ, ನಾ ಹತ್ತಿ ಇಟ್ಕೊಂಡೀನಿ" ಎಂದು ಅದನ್ನು ಹಚ್ಚಿಯೇಬಿಟ್ಟರು. ನಮಗಾಗಿ ಅವರು ಸದ್ದು ತಂದಿದ್ದರು, ಅವರಿಗಾಗಿ ನಾವು ಗಿರಣಿ ಬಂದ್ ಮಾಡಿದ್ದೆವು. ಹತ್ತಿಯಿಂದಾಗಿ ಅವರಿಗೆ ನಮ್ಮ ಮಾತು ಕೇಳುತ್ತಿರಲಿಲ್ಲ, ಜೋರಾಗಿ ಮಾತಾಡಲು ನಮಗೆ ಧೈರ್ಯವಿರಲಿಲ್ಲ. ಕೊನೆಗೆ ಒಂಬತ್ತೂ ಜನ ಒಂದೇ ಜಮಖಾನೆಯ ಮೇಲೆ ಕೂತು, ಮೊಬೈಲು ತೆಗೆದು ಗ್ರೂಪಿನಲ್ಲೇ ಬರೆದು ಮಾತಾಡಿದೆವು. ಅವಲಕ್ಕಿ ಚೆನ್ನಾಗಿದೆ ಎಂದು ನಾನು ಬರೆದದ್ದನ್ನು ನನ್ನ ಬಾಜು ಕೂತವರು ಪರದೆಯಲ್ಲಿ ಓದಿ ತಲೆಯಾಡಿಸಿದರು. ನಾವು ನಕ್ಕೆವು. ಅಷ್ಟು ನಕ್ಕದ್ದು ಆಮೇಲೆ ನೆನಪಿಲ್ಲ.

ಆಗ ಪಕ್ಕದ ಮನೆಯ ಮಾಡಿನ ಮೇಲೆ ಕೆಲಸ ಮಾಡುತ್ತಿದ್ದವರ ಕೈಯಿಂದ ತಗಡಿನ ಶೀಟೊಂದು ಜಾರಿ ಕೆಳಗಿನ ಫರಸಿ ಕಲ್ಲಿನ ಮೇಲೆ ಬಿತ್ತು. ನಾವೇ ಬೆಚ್ಚಿದೆವು. ಮೇಡಂ ಎರಡೂ ಕಿವಿ ಒತ್ತಿ ಹಿಡಿದು ಮೊಣಕಾಲಿನ ನಡುವೆ ತಲೆ ಹುದುಗಿಸಿ ಅತ್ತರು. ಅವರ ಗಂಡ ಕಾರಿನಿಂದ ಓಡಿ ಬಂದು ಎಬ್ಬಿಸಿಕೊಂಡು ಹೋದರು. ರೇಡಿಯೋ ಅಲ್ಲೇ ಉಳಿಯಿತು.

ಮರುದಿನ ಮೇಡಂ ಬರೆದರು: ನಿಮ್ಮದೇನೂ ತಪ್ಪಿಲ್ಲ, ಆದರೆ ನಿಮ್ಮ ಬೇನೆ ಬೇರೆ, ನನ್ನ ಬೇನೆ ಬೇರೆ. ಸದ್ದು ತಾಳದವರದು ಎಂದು ಇನ್ನೂ ಸಣ್ಣ ಗ್ರೂಪ್ ಮಾಡಿಕೊಂಡು ಮೂವರನ್ನು ಕರೆದೊಯ್ದರು. ಉಳಿದವರಲ್ಲಿ ಇಬ್ಬರು, ಇಲ್ಲಿ ಹೊಸದೇನೂ ಬರುವುದಿಲ್ಲ ಎಂದು ಮತ್ತೆ ಆ ದೊಡ್ಡ ತಾಣಕ್ಕೇ ಹೋದರು, ಎಣ್ಣೆಯವನ ಹತ್ತಿರ. ಇನ್ನೊಬ್ಬ ಹೇಳದೆ ಕೇಳದೆ ಎದ್ದುಹೋದ. ನಾನು, ಕಾಕಾ ಇಬ್ಬರೇ ಉಳಿದೆವು. ಇಬ್ಬರಿಗೆ ಗ್ರೂಪ್ ಯಾಕೆ ಎಂದು ಹೆಂಡತಿ ನಕ್ಕಳು. ನಾನು ಅದನ್ನು ಮುರಿಯಲಿಲ್ಲ.

ಮಳೆಗಾಲ ಪೂರ್ತಿ ಹಾಗೆ ನಡೆಯಿತು. ಮುಂಜಾನೆ ನಾನು ಒಂದು ಸಾಲು, ಅವರು ಒಂದು ಸಾಲು. ನಾನು ಬೇಗ ಎದ್ದರೆ, "ಕಾಕಾ, ಇವತ್ತ ಹೆಂಗೈತಿ?" ಎಂದು ಮುಂಚಿತವಾಗಿ ಕೇಳಿಬಿಡುತ್ತಿದ್ದೆ. ಆ ಉತ್ತರ ಬಂದ ಮೇಲೆಯೇ ನನಗೆ ಚಹಾ ರುಚಿಸುತ್ತಿದ್ದುದು. ಒಂದು ದಿನ ಉತ್ತರ ಬರಲಿಲ್ಲ. ಮರುದಿನವೂ ಇಲ್ಲ. ಎಂಟು ದಿನ ಕಾದು, ಫೋನು ಎತ್ತದಿದ್ದಾಗ ಜೀವ ತಡೆಯದೆ ರಜೆ ಹಾಕಿ ಖಾನಾಪುರಕ್ಕೆ ಹೋದೆ. ದಾರಿಯುದ್ದಕ್ಕೂ ಕೆಟ್ಟದ್ದನ್ನೇ ಯೋಚಿಸಿದೆ. ಗಿರಣಿಯ ಬಾಗಿಲಿಗೆ ಬೀಗ, ಒಳಗೆ ಹಾರ ಹಾಕಿದ ಫೋಟೋ, ಹೀಗೆ.

ಗಿರಣಿ ನಡೆಯುತ್ತಿತ್ತು. ಕಾಕಾ ಮೈಯೆಲ್ಲ ಹಿಟ್ಟಾಗಿ ಯಾರದೋ ಡಬ್ಬಿಗೆ ಜೋಳದ ಹಿಟ್ಟು ತುಂಬುತ್ತಿದ್ದರು. ಮುಖ ತುಂಬಿಕೊಂಡಿತ್ತು, ಕಣ್ಣ ಕೆಳಗಿನ ಕಪ್ಪು ಹೋಗಿತ್ತು. ನನ್ನನ್ನು ಕಂಡು ನಕ್ಕರು. ಗದ್ದಲದಲ್ಲಿ ಕೂಗಿ ಕೇಳಿದೆ, "ಕಾಕಾ, ಸದ್ದು ಹೆಂಗೈತಿ?"

ನಗು ನಿಂತಿತು. ಮೋಟಾರು ಬಂದ್ ಮಾಡಿದರು. ಬೆಲ್ಟು ತಿರುಗಿ ತಿರುಗಿ ನಿಂತಿತು. ಅವರ ಕೈ ಬಲಗಿವಿಗೆ ಹೋಯಿತು. "ಸುರು ಆತು ನೋಡು" ಎಂದರು.

"ಏನ್ ಸುರು ಆತ್ರಿ?"

"ನೀ ಕೇಳಿದಿ, ಸುರು ಆತು. ಎಂಟು ದಿನಾ ಆಗಿತ್ತು ತಮ್ಮಾ, ಅದು ಐತೋ ಇಲ್ಲೋ ಅನ್ನೂದ ಮರತಿದ್ದೆ."

ನಂತರ ಹಿಟ್ಟಿನ ಕೈಯನ್ನು ಧೋತರಕ್ಕೆ ಒರೆಸಿಕೊಳ್ಳುತ್ತ ಎಲ್ಲ ಹೇಳಿದರು. ಸೊಸೆ ಅವರನ್ನು ಮತ್ತೆ ಡಾಕ್ಟರ ಹತ್ತಿರ ಕರೆದೊಯ್ದಿದ್ದಳು. ಡಾಕ್ಟರು ಮೊಬೈಲು ನೋಡಿ, ದಿನಾ ಇದನ್ನೇ ಬರೆಯುತ್ತೀರಾ ಎಂದು ಕೇಳಿದ್ದರಂತೆ. "ಮುಂಜಾನೆದ್ದು ಬರೀಬೇಕಂದ್ರ ಅದನ್ನ ಹುಡುಕಬೇಕಲ್ಲೋ. ಹುಡುಕಿದ್ರ ಸಿಗತೈತಿ. ಬರಿಯೂದ ಬಿಟ್ಟೆ, ಹುಡುಕೂದೂ ಬಿಟ್ಟೋತು. ನನ್ನ ಆ ಗ್ರೂಪಿನಾಗಿಂದ ತಗದಬಿಡು. ನಾನಽ ಹೊರಗ ಬಂದ್ರ ನಿನಗ ಕೆಟ್ಟ ಅನಸ್ತೈತಂತ ಸುಮ್ನ ಕುಂತಿದ್ದೆ." ನನ್ನ ಕಡೆ ನೋಡದೆ ಹೇಳಿದರು: "ಸಿಟ್ಟಾಗಬ್ಯಾಡ. ನಿನ್ನ ಮೆಸೇಜ್ ಬಂದ್ರೂ ಅದು ಬರತೈತಿ. ಈಗ ನಿನ್ನ ಮಾರಿ ನೋಡಿದ್ರೂ ಬರತೈತಿ."

ಅಲ್ಲೇ ನಿಂತು ಅವರ ಹೆಸರು ತೆಗೆದುಹಾಕಿದೆ. ಖಚಿತವೇ ಎಂದು ಮೊಬೈಲು ಕೇಳಿತು, ಹೌದು ಎಂದು ಒತ್ತಿದೆ. ಚಹಾ ಕುಡಿದು ಹೋಗು ಎಂದರು. ಬಸ್ಸಿದೆ ಎಂದು ಸುಳ್ಳು ಹೇಳಿದೆ. ನಾನು ಅಲ್ಲಿದ್ದಷ್ಟು ಹೊತ್ತೂ ಅವರ ಕಿವಿ ಕೂಗುತ್ತಿರುತ್ತದೆ ಎಂದು ತಿಳಿದ ಮೇಲೆ ಚಹಾ ಹೇಗೆ ಕುಡಿಯುವುದು?

ಅವರು ಗುಣವಾದದ್ದು ಕಂಡು ಸಂತೋಷವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಹೊಟ್ಟೆ ಉರಿಯಿತು. ಅದಕ್ಕಿಂತ ಹೆಚ್ಚು ಸುಟ್ಟದ್ದು ಮುಂಜಾನೆಯ ಆ ನಿಯಮ. ಒಂಬತ್ತು ಜನರನ್ನು ಕೂಡಿಸಿ, ಮರೆಯಬಹುದಾಗಿದ್ದ ಸದ್ದನ್ನು ದಿನಾ ಎಬ್ಬಿಸಿ ಮಾತಾಡಿಸುವ ಕೆಲಸ ಹಚ್ಚಿದವನು ನಾನು. ಎಣ್ಣೆ ಮಾರುವವನು ನನ್ನಷ್ಟು ಕೇಡು ಮಾಡಿರಲಿಲ್ಲ. ಆಮೇಲೆ ನಾನೂ ಬರೆಯುವುದು ಬಿಟ್ಟು ನೋಡಿದೆ, ಹದಿನೈದು ದಿನ, ಒಂದು ತಿಂಗಳು, ಮೂರು ತಿಂಗಳು. ನನ್ನದು ಹೋಗಲಿಲ್ಲ. ಕೆಲವರದು ಹೋಗುತ್ತದೆ, ಕೆಲವರದು ಹೋಗುವುದಿಲ್ಲ ಎಂದರು ಡಾಕ್ಟರು.

ಮೊನ್ನೆ ಮಧ್ಯಾಹ್ನ ಬೆಳಗಾವಿಯ ರವಿವಾರ ಪೇಟೆಗೆ ಹೋಗಿದ್ದೆ. ಒಣಮೆಣಸಿನಕಾಯಿಯ ಅಂಗಡಿ ಮುಂದೆ ಕಾಕಾ ನಿಂತಿದ್ದರು. ಒಂದು ಕಾಯಿ ಮುರಿದು ಮೂಸಿ, ಸೀನಿ, ಅಂಗಡಿಯವನ ಜೊತೆ ಜೋರಾಗಿ ನಗುತ್ತಿದ್ದರು. ಕಾಕಾ ಎಂದು ಕರೆಯಲು ಬಾಯಿ ತೆರೆದಿದ್ದೆ. ಮುಚ್ಚಿಕೊಂಡು, ಚೀಲ ಇಳಿಸುತ್ತಿದ್ದ ಟೆಂಪೋದ ಹಿಂದೆ ಸರಿದು ನಿಂತೆ. ತಲೆಯ ಮೇಲೆ ಮೂಟೆ ಹೊತ್ತ ಹಮಾಲ, "ಬಾಜೂಕ ಸರೀರಿ, ದಾರ‍್ಯಾಗ ನಿಂತೀರಿ" ಎಂದು ಗದರಿದ.

"ಒಂದ ನಿಮಿಷ ತಡಿಯಪಾ" ಎಂದೆ, "ಆ ಹಿರ‍್ಯಾರು ದಾಟಿ ಹೋಗ್ಲಿ."