ಒಡಪಿನಲ್ಲಿ ಉಳಿದ ನನ್ನ ಹೆಸರು

ತಾಯಿ ಬನಶಂಕರಿಯನ್ನು ನಂಬಿದ ಎಲ್ಲರಿಗೂ ಗೌರಿಯ ಶರಣು. ನಾವಿರುವುದು ಮರಾಠಿ ನಾಡಿನ ಠಾಣೆ ಪಟ್ಟಣದ ಪಕ್ಕ, ಕಳವಾದಲ್ಲಿ, ಸಾಲು ಕೋಣೆಗಳ ಒಂದು ಚಾಳಿನಲ್ಲಿ.

ಹೋದ ವರ್ಷ ಶ್ರಾವಣದಲ್ಲಿ, ಕಳಂಬೋಲಿಯ ಕಬ್ಬಿಣದ ಪೇಟೆಯಲ್ಲಿ ಗೋದಾಮು ನೋಡಿಕೊಳ್ಳುತ್ತಿದ್ದ ನನ್ನ ಯಜಮಾನರು ಊಟದ ಡಬ್ಬಿ ಬಿಚ್ಚುವಾಗಲೇ ಕುಸಿದರು. ಜೊತೆಯವರು ಟೆಂಪೋದಲ್ಲಿ ಆಸ್ಪತ್ರೆಗೆ ಒಯ್ದರಂತೆ. ನಾನು ಠಾಣೆಯಲ್ಲಿ ಲೋಕಲ್ ರೈಲು ಬದಲಿಸಿ ಹೋಗಿ ಮುಟ್ಟುವಷ್ಟರಲ್ಲಿ ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಕಣ್ಣು ನನ್ನನ್ನು ಗುರುತಿಸಿತು, ಬಾಯಿಂದ ಮಾತು ಬರಲಿಲ್ಲ.

ಲಕ್ವಾ ಹೊಡೆದದ್ದು ಮಿದುಳಿನ ಎಡಭಾಗಕ್ಕೆ, ಮಾತು ಹೆಚ್ಚಾಗಿ ಆ ಭಾಗದ ಕೆಲಸ ಎಂದರು ಡಾಕ್ಟರು. ಹಾಗಾದರೆ ಇನ್ನರ್ಧ ಯಾಕೆ ಕೈಕಟ್ಟಿ ಕೂತಿದೆ ಎಂದು ನನಗೆ ಸಿಟ್ಟು. ಚಾಳಿನ ಕೆಳಗಿನಿಂದಲೇ "ಗೌರೀ" ಎಂದು ಕೂಗಿ ಮೇಲೆ ಬರುತ್ತಿದ್ದ ಮನುಷ್ಯ, ಈಗ ಗೋಡೆ ಕಡೆ ಮುಖ ಮಾಡಿ ಅಳುತ್ತಿದ್ದರು. ನಾನು ತಾಯಿಯ ಫೋಟೋದ ಮುಂದೆ ಕೂತು ಜಗಳ ತೆಗೆದೆ. "ಅವ್ವಾ, ಅವರು ದುಡಿಯೂದು ಬ್ಯಾಡ, ನಡಿಯೂದೂ ಬ್ಯಾಡ. ಒಂದ ಸಲ ನನ್ನ ಹೆಸರ ಹಿಡದ ಕರೀಲಿ." ತಿಂಗಳುಗಳು ಕಳೆದವು, ಮಾತು ಬರಲಿಲ್ಲ. ದೀಪಾವಳಿಗೆ ದೀಪ ಹಚ್ಚಲೂ ಮನಸ್ಸಾಗಲಿಲ್ಲ.

ಠಾಣೆಯ ಆಸ್ಪತ್ರೆಯಲ್ಲಿ ಮಾತು ಕಲಿಸುವ ಮರಾಠಿ ಹುಡುಗಿಯೊಬ್ಬಳಿದ್ದಳು. ಚಿತ್ರ ತೋರಿಸಿ ತೋರಿಸಿ ಸೋತು, ಒಂದು ದಿನ ನನಗೆ, "ಕಾಕೂ, ಕಾಕಾಂನಾ ನಾವಾನೆ ಹಾಕ ಮಾರಾ" ಎಂದಳು. ನಾನು ಅವರನ್ನು ಹೆಸರು ಹಿಡಿದು ಕರೆಯಬೇಕಂತೆ. ಮದುವೆಯಾದಾಗಿನಿಂದ "ರೀ" ಬಿಟ್ಟು ಬೇರೆ ಕರೆದವಳಲ್ಲ ನಾನು. ಹೆಸರು ಹೇಳಿದರೆ ಗಂಡನ ಆಯುಷ್ಯ ಕಡಿಮೆ ಎಂದು ಅತ್ತೆ ಹೇಳಿದ್ದರು. ಅದೂ ಇಂಥ ಹೊತ್ತಿನಲ್ಲಿ ಹೇಗೆ ಕರೆಯಲಿ?

ಹುಡುಗಿ ನಕ್ಕು, "ಮಗ ಉಖಾಣ್ಯಾತ ಘ್ಯಾ" ಎಂದಳು. ಹಾಗಾದರೆ ಉಖಾಣೆಯಲ್ಲಿ ಹೆಸರು ಹೇಳಿ ಅಂತ. ಅವರ ಉಖಾಣೆ ಎಂದರೆ ನಮ್ಮ ಒಡಪು. ಪ್ರಾಸ ಕಟ್ಟಿ ಅದರೊಳಗೆ ಹೆಸರು ಹೇಳಿದರೆ ದೋಷವಿಲ್ಲ. ಮದುವೆಯ ದಿನ ಹೊಸ್ತಿಲಲ್ಲಿ ಹೆಂಗಸರು ಅಡ್ಡಗಟ್ಟಿದಾಗ ಹೇಳಿದ್ದನ್ನೇ ರಾಗ ಎಳೆದು ಹೇಳಿದೆ.

"ಬನಶಂಕರಿ ಹೊಂಡಕ್ಕ ತಾವರಿ ಚಂದ, ಬಸವರಾಜರು ಬಂದ್ರ ಮನಿಗೆ ಆನಂದ."

ಯಜಮಾನರ ತುಟಿ ಅಲುಗಿತು. ಅಂದು ಅವರು ಕೊಟ್ಟ ಉತ್ತರವೇ ಬಂತು, ತೊದಲದೆ.

"ಹುರದ ಶೇಂಗಾಕ ಬೆಲ್ಲದ ಜೋಡಿ, ಗೌರಿ ನಕ್ರ ನಾ ನಿಂತೆ ನೋಡಿ."

ನಾನು ಸೆರಗು ಬಾಯಿಗಿಟ್ಟುಕೊಂಡು ಅತ್ತುಬಿಟ್ಟೆ. ಹೊಸ ಮಾತು ಕಟ್ಟುವುದು ಎಡಭಾಗ, ರಾಗ, ಲಯ, ಬಾಯಿಪಾಠಕ್ಕೆಲ್ಲ ಬಲಭಾಗ ಕೈಜೋಡಿಸುತ್ತದೆ ಎಂದು ಹುಡುಗಿ ತಿಳಿಸಿ ಹೇಳಿದಳು. ಇರಬಹುದು. ಅವಳ ಬಾಯಲ್ಲಿ ಆ ಉಪಾಯ ನುಡಿಸಿದವಳು ಯಾರೆಂದು ನನಗೆ ಗೊತ್ತು.

ಮುಚ್ಚಿಡುವುದಿಲ್ಲ, ಅದಾದ ಮೇಲೆ ಬೇರೆ ಮಾತು ಬಂದಿಲ್ಲ. ನೀರು ಬೇಕಾದರೂ ಅದೇ ಒಡಪು, ಭುಜ ನೋವಾದರೂ ಅದೇ. ಮುಖ ನೋಡಿ ತಿಳಿಯಬೇಕು. ಕೆಲವು ಸಲ ತಪ್ಪು ತಿಳಿಯುತ್ತೇನೆ, ಆಗ ಅವರು ಗೋಡೆ ಕಡೆ ತಿರುಗುತ್ತಾರೆ. ಕಲ್ಯಾಣದಲ್ಲಿರುವ ತಂಗಿ, "ಅಕ್ಕಾ, ಬೇಡೂದ ಬೇಡಿದಿ, ಪೂರ್ತಿ ಮಾತ ಬೇಡಬೇಕಿತ್ತ" ಎಂದಳು. "ಒಂದ ಸಲ ಕೇಳಿದ್ದೆ, ಆಕಿ ದಿನಾ ಕೊಡಾಕತ್ತಾಳ" ಎಂದೆ.

ಬನದ ಹುಣ್ಣಿಮೆಗೆ ತಾಯಿಗೆ ಉಡಿ ತುಂಬಿದೆ. ಹೆಂಗಸರೆಲ್ಲ ಮುತ್ತೈದೆ ಸಾವು ಕೊಡು ಎಂದು ಬೇಡುತ್ತಾರೆ. ನಾನು ಮಾತ್ರ, ಅವರಿಗಿಂತ ಮೊದಲು ನನ್ನನ್ನು ಕರೆದುಕೊಳ್ಳಬೇಡ ತಾಯಿ ಎಂದು ಬೇಡಿಕೊಂಡೆ. ಆ ಒಡಪಿನಲ್ಲಿ ನೀರು ಯಾವುದು, ನೋವು ಯಾವುದು ಎಂದು ಬೇರೆ ಯಾರಿಗೂ ತಿಳಿಯುವುದಿಲ್ಲ. ಇದನ್ನೂ ನಡೆಸಿಕೊಡುತ್ತಾಳೆ.