ಕಾಲಿಗೆ ಹಾಡಿದ ಶುಕ್ರವಾರಗಳು

ನನ್ನ ಮಗಳು ನನ್ನನ್ನು ಮೊದಲ ಬಾರಿ ಸರಿಯಾಗಿ ನೋಡಿದ್ದು ದುಬೈ ವಿಮಾನ ನಿಲ್ದಾಣದಲ್ಲಿ, ಅವಳಿಗೆ ಹತ್ತು ತಿಂಗಳಾಗಿದ್ದಾಗ. ನೋಡಿದವಳೇ ಕಿರುಚಿದಳು. ಟ್ಯಾಕ್ಸಿಗೆ ಕಾಯುತ್ತಿದ್ದವರು ನನ್ನನ್ನೂ ಮಗುವನ್ನೂ ಎರಡೆರಡು ಸಲ ನೋಡಿದರು. ನಾನೇ ತಂದೆ ಎಂದು ಎಲ್ಲರಿಗೂ ಹೇಳುತ್ತ ನಿಲ್ಲಲಾಗುವುದಿಲ್ಲವಲ್ಲ, ಟ್ರಾಲಿ ತಳ್ಳಿಕೊಂಡು ಮುಂದೆ ಹೋದೆ.

ತಪ್ಪು ಯಾರದೂ ಅಲ್ಲ. ಚೊಚ್ಚಲ ಹೆರಿಗೆ ತವರುಮನೆಯಲ್ಲೇ ಆಗಬೇಕು ಎಂಬುದು ನಮ್ಮ ಕಡೆಯ ಪದ್ಧತಿ. ಹೆಂಡತಿ ಏಳನೇ ತಿಂಗಳಿಗೆ ಇದ್ದ ಕೆಲಸ ಬಿಟ್ಟು ಉಡುಪಿಗೆ ಹೋದಳು. ಹೆರಿಗೆಯ ಹೊತ್ತಿಗೆ ನಾನೂ ಎರಡು ವಾರ ರಜೆ ಹಾಕಿ ಹೋಗಿದ್ದೆ. ಆ ಎರಡು ವಾರವೂ ಮಗು ನಿದ್ದೆಯಲ್ಲಿತ್ತು. ಎಚ್ಚರವಾದರೆ ಅತ್ತೆ ಎಣ್ಣೆ ಹಚ್ಚಿ ಮೀಯಿಸುತ್ತಿದ್ದರು, ಮಿಂದ ಮೇಲೆ ಮತ್ತೆ ನಿದ್ದೆ. ಆಮೇಲೆ ಬಾಣಂತನ, ಶೀತ, ಪಾಸ್‌ಪೋರ್ಟು, ವೀಸಾ ಎಂದು ತಿಂಗಳುಗಳು ಹೋದವು. ಅಷ್ಟೂ ದಿನ ನಾನು ಫೋನಿನೊಳಗಿದ್ದೆ. ವೀಡಿಯೊ ಕಾಲ್ ಸಿಕ್ಕಿದ ಸಂಜೆಗಳಲ್ಲಿ ಅವಳು ನಕ್ಕು ನನ್ನ ಹಣೆಯನ್ನು ನೆಕ್ಕುತ್ತಿದ್ದಳು. ಅಪ್ಪ ಎಂದರೆ ಅಂಗೈಯಗಲದ, ಚಾರ್ಜ್ ಮಾಡುವ ಒಂದು ವಸ್ತು ಎಂದು ಅವಳು ತಿಳಿದಿದ್ದರೆ ಆಶ್ಚರ್ಯವಿಲ್ಲ. ಆ ವಸ್ತುವಿಗೆ ಕೈಕಾಲು ಮೂಡಿ, ಮೀಸೆ ಸಮೇತ ಎತ್ತಿಕೊಳ್ಳಲು ಬಂದರೆ ನಾನಾದರೂ ಕಿರುಚುತ್ತಿದ್ದೆ.

ಡಿಸ್ಕವರಿ ಗಾರ್ಡನ್ಸ್‌ನಲ್ಲಿ ನಮ್ಮದು ಒಂದು ಬೆಡ್‌ರೂಮಿನ ಫ್ಲಾಟು. ಹೆಂಡತಿಗೆ ಊದ್ ಮೇಥಾ ಕಡೆಯ ಆಸ್ಪತ್ರೆಯೊಂದರಲ್ಲಿ ನರ್ಸ್ ಕೆಲಸ ಮೊದಲೇ ಗೊತ್ತಾಗಿತ್ತು, ಬಂದ ಎರಡನೇ ವಾರಕ್ಕೆ ಸೇರಿಕೊಂಡಳು. ವಾರದ ದಿನಗಳಲ್ಲಿ ಪಕ್ಕದ ಕಟ್ಟಡದ ಮಂಗಳೂರಿನ ಬಾಯಮ್ಮ ಮಗುವನ್ನು ನೋಡಿಕೊಳ್ಳುತ್ತಿದ್ದರು. ಆಗ ಅಲ್ಲಿ ವಾರದ ರಜೆ ಶುಕ್ರವಾರ. ಅಂದು ಬಾಯಮ್ಮನಿಗೆ ಚರ್ಚು, ಹೆಂಡತಿಗೆ ಡ್ಯೂಟಿ. ಉಳಿದವನು ನಾನು.

ಮೊದಲ ಶುಕ್ರವಾರ ಮಗಳು ಬೆಳಗ್ಗೆ ಆರೂವರೆಗೆ ಅಳಲು ಶುರು ಮಾಡಿ ಒಂಬತ್ತೂವರೆಗೆ ಸುಸ್ತಾಗಿ ನಿಲ್ಲಿಸಿದಳು. ಹಾಲಿನ ಬಾಟಲಿಗೆ ಕೈ ಚಾಚಿ, ಅದನ್ನು ಹಿಡಿದವನನ್ನು ಕಂಡು ಕೈ ಹಿಂದಕ್ಕೆ ಎಳೆದುಕೊಂಡಳು. ಸುದ್ದಿ ಉಡುಪಿಗೆ ಹೋಯಿತು. ಅತ್ತೆ ಫೋನಿನಲ್ಲಿ ಮೆತ್ತಗೆ ಹೇಳಿದರು, "ಮಗು ಅತ್ತು ಅತ್ತು ಸೊರಗ್ತದೆ. ಇಲ್ಲಿಗೆ ಕಳಿಸಿ, ಎರಡು ವರ್ಷ ನಾನು ಸಾಕಿ ಕೊಡ್ತೇನೆ. ಎಲ್ಲರೂ ಹಾಗೇ ಮಾಡುದಲ್ವಾ?"

ಹಾಗೆ ಮಾಡಿದವರು ನಮ್ಮ ಕಟ್ಟಡದಲ್ಲೇ ಇದ್ದರು. ಅವರ ಮಗ ರಜೆಗೆ ಬಂದಾಗ ಸ್ವಂತ ಅಪ್ಪನನ್ನು ಅಂಕಲ್ ಎಂದು ಕರೆದು, ಆಮೇಲೆ ತಿದ್ದಿಕೊಂಡದ್ದನ್ನು ನಾನು ಲಿಫ್ಟಿನಲ್ಲಿ ಕೇಳಿದ್ದೆ. ಒಂದು ತಿಂಗಳು ನೋಡುವುದು, ಆಗದಿದ್ದರೆ ಮಗುವನ್ನು ಊರಿಗೆ ಕಳಿಸುವುದು ಎಂದು ನಾವಿಬ್ಬರೂ ತೀರ್ಮಾನಿಸಿದೆವು. ತೀರ್ಮಾನಿಸಿದ್ದು ಹೆಂಡತಿ, ನಾನು ತಲೆಯಾಡಿಸಿದೆ. ನನಗೆ ನಿಜವಾಗಿ ಹೆದರಿಕೆಯಾಗಿತ್ತು.

ಎರಡನೇ ಶುಕ್ರವಾರ ಅಳು ಜೋರಾಗಿದ್ದಾಗ ಎದುರು ಫ್ಲಾಟಿನ ಜಪಾನೀ ಹೆಂಗಸು ಬಾಗಿಲು ತಟ್ಟಿದರು. ಅವರ ಗಂಡನಿಗೆ ಜೆಬೆಲ್ ಅಲಿಯಲ್ಲಿ ಕೆಲಸ ಎಂಬುದಷ್ಟೇ ನನಗೆ ಗೊತ್ತಿತ್ತು. ಗಲಾಟೆಯ ಬಗ್ಗೆ ದೂರು ಹೇಳಲು ಬಂದರು ಎಂದುಕೊಂಡು ನಾನು ಸಾರಿ ಎಂದೆ. ಅವರೂ ಸಾರಿ ಎಂದರು. ಅವರ ಸೊಂಟದ ಮೇಲಿದ್ದ ಮಗು ನನ್ನನ್ನು ನೋಡಿಯೂ ಅಳಲಿಲ್ಲ, ಅದೇ ನನಗೊಂದು ಸಮಾಧಾನ. ಅವರು ತಲೆ ಓರೆ ಮಾಡಿ ನನ್ನ ಮಗಳ ಅಳುವನ್ನು ಸ್ವಲ್ಪ ಹೊತ್ತು ಕೇಳಿ, ಇಂಗ್ಲಿಷಿನಲ್ಲಿ, "ಹತ್ತು ಗಂಟೆಗೆ ನಮ್ಮ ಮನೆಗೆ ಬನ್ನಿ. ಮಕ್ಕಳ ಹಾಡು," ಎಂದರು.

ಇಸ್ತ್ರಿ ಮಾಡಿದ್ದು ಆಫೀಸಿನ ಅಂಗಿ ಮಾತ್ರವಾದ್ದರಿಂದ ಅದನ್ನೇ ಹಾಕಿಕೊಂಡು ಹೋದೆ. ಹಾಲ್‌ನಲ್ಲಿ ಚಾಪೆ ಹಾಸಿ ಆರು ಮಂದಿ ಜಪಾನೀ ತಾಯಂದಿರು ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದರು. ಆರೂ ಜನ ಬಾಗಿ ನಮಸ್ಕರಿಸಿದರು. ನಾನೂ ಬಾಗಿದೆ. ಮಗಳು ಅತ್ತಳು.

ಹಾಡುಗಳೆಲ್ಲ ಅವರ ಭಾಷೆಯವು, ಪ್ರತಿ ಹಾಡಿಗೂ ಒಂದೊಂದು ಆಟ. ಒಂದರಲ್ಲಿ ದೊಡ್ಡವರ ಎರಡು ಬೆರಳು ಮಗುವಿನ ಪಾದದಿಂದ ಹೊರಟು ಮೊಣಕಾಲೆಂಬ ಗುಡ್ಡ ಹತ್ತಿ, ಹೊಟ್ಟೆಯ ಮೇಲೆ ಕೂತು ಬುತ್ತಿ ಉಂಡು, ಜಾರಿ ಕೆಳಗೆ ಬರುತ್ತವೆ. ಉಳಿದ ಆರು ಮಕ್ಕಳು ಕಿಲಕಿಲ ನಕ್ಕವು. ನನ್ನ ಬೆರಳು ಮೊಣಕಾಲು ಮುಟ್ಟುವ ಮೊದಲೇ ಗುಡ್ಡ ತಿರುಗಿ ನನ್ನನ್ನು ಒದೆಯಿತು.

"ಮಗುವಿಗೆ ಅವಸರವಿಲ್ಲ. ನಿಮಗೆ ಅವಸರ," ಎಂದರು ಆ ಮನೆಯೊಡತಿ.

ಇಲ್ಲ ಎಂದು ನಾನು ಅವಸರದಿಂದ ಹೇಳಿದೆ.

ಜುಮೇರಾ ಲೇಕ್ ಟವರ್ಸ್‌ನ ಒಂದು ಕಚೇರಿಯಲ್ಲಿ ಕಟ್ಟಡಗಳ ನಕ್ಷೆಗಳಿಗೆ ನಂಬರು ಹಾಕಿ ಕಡತದಲ್ಲಿಡುವುದು ನನ್ನ ಕೆಲಸ. ಹಾಗಾಗಿ ಗುಡ್ಡದ ಹಾಡನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು, ಮೇಲೆ ತಾರೀಕು ಹಾಕಿ, ಪರಿಷ್ಕರಣೆ ಒಂದು ಎಂದು ಗುರುತು ಮಾಡಿದೆ. ಮೆಟ್ರೋದಲ್ಲಿ ಬಾಯಿಪಾಠ ಮಾಡಿದೆ. ಎದುರು ಕುಳಿತವರೊಬ್ಬರು ಎದ್ದು ಬೇರೆ ಡಬ್ಬಿಗೆ ಹೋದರು. ಹಾಡು ಬಂತು, ಆದರೆ ಹತ್ತಿರ ಹೋಗದೆ ಹಾಡುವುದು ಹೇಗೆ? ಹಾಡದೆ ಹತ್ತಿರ ಹೋಗುವುದು ಹೇಗೆ? ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು.

ಆಗ ನನಗೊಂದು ಉಪಾಯ ಹೊಳೆಯಿತು. ಫೋನಿನೊಳಗಿನ ಅಪ್ಪನನ್ನು ಕಂಡರೆ ಅವಳಿಗೆ ಈಗಲೂ ಇಷ್ಟವಿತ್ತು. ಹಾಗಾಗಿ ಒಂದು ಸಂಜೆ ಹಾಲ್‌ನಲ್ಲಿ ಹೆಂಡತಿಯ ಕೈಗೆ ಅವಳ ಫೋನು ಕೊಟ್ಟು, ನಾನು ಬೆಡ್‌ರೂಮಿನ ಬಾಗಿಲು ಹಾಕಿಕೊಂಡು ಹಾಲ್‌ಗೆ ವೀಡಿಯೊ ಕಾಲ್ ಮಾಡಿದೆ. ಗುಡ್ಡದ ಹಾಡು ಹಾಡಿದೆ. ಮಗಳು ಕುಣಿದಳು. ಮೂರನೇ ಸಲಕ್ಕೆ ತನ್ನ ಕಾಲನ್ನು ಫೋನಿನ ಮುಂದೆ ಹಿಡಿದಳು. ನನ್ನ ಧೈರ್ಯ ಹೆಚ್ಚಿತು. ಹಾಡುತ್ತ ಹಾಡುತ್ತ, ಕಾಲ್ ಕತ್ತರಿಸದೆ, ಮೆಲ್ಲನೆ ಬಾಗಿಲು ತೆರೆದು ಹಾಲ್‌ಗೆ ಬಂದೆ. ನನ್ನ ದನಿ ಎರಡೂ ಕಡೆಯಿಂದ ಕೇಳಿ, ನಡುವೆ ಫೋನು ಕೀ ಎಂದು ಕೂಗಿತು. ಮಗಳು ಫೋನನ್ನು ನೋಡಿದಳು, ನನ್ನನ್ನು ನೋಡಿದಳು, ಇಬ್ಬರೂ ಅಪ್ಪಂದಿರು ಒಂದೇ ಸಮ ಬಾಯಿ ತೆರೆಯುವುದನ್ನು ಕಂಡು ಚೀರಿದಳು. ಅಂದಿನಿಂದ ಫೋನು ಕಂಡರೂ ಅಳತೊಡಗಿದಳು. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಎನ್ನುತ್ತಾರಲ್ಲ, ನನಗೆ ಆ ಅಪ್ಪನನ್ನೂ ಮಾಡಲಾಗಲಿಲ್ಲ. ಇದ್ದವನೊಬ್ಬನೂ ಹೋದ.

"ಸಾಕು ಮಾರಾಯ್ರೆ," ಎಂದಳು ಹೆಂಡತಿ. ಅವಳ ಕಣ್ಣಲ್ಲಿ ನೀರಿತ್ತು. "ಇನ್ನು ಎರಡು ಶುಕ್ರವಾರ. ಮತ್ತೆ ಟಿಕೆಟ್ ನೋಡುವ."

ಮೂರನೇ ಶುಕ್ರವಾರ ನಾನು ಎದುರು ಮನೆಯಲ್ಲಿ ಇದನ್ನೆಲ್ಲ ಒಪ್ಪಿಸಿದೆ. ಮನೆಯೊಡತಿ ನಗಲಿಲ್ಲ, ಅವರ ಶಿಷ್ಟಾಚಾರ ದೊಡ್ಡದು. ಸ್ವಲ್ಪ ಯೋಚಿಸಿ, "ಮುಖ ಬೇಡ. ಕಾಲಿಗೆ ಹಾಡಿ," ಎಂದರು.

ಆ ವಾರ ಪ್ರತಿ ಸಂಜೆ, ಹೆಂಡತಿಯ ಮಡಿಲಲ್ಲಿ ಮಗು ಕುಳಿತಿರುವಾಗ, ನಾನು ನೆಲದ ಮೇಲೆ ಕೂತು ಅದರ ಪಾದವನ್ನೇ ನೋಡುತ್ತ ಹಾಡಿದೆ. ತಲೆಯೆತ್ತಲಿಲ್ಲ. ಆಫೀಸಿನಲ್ಲಿ ಈ ಏಕಾಗ್ರತೆ ತೋರಿಸಿದ್ದರೆ ಬಡ್ತಿ ಸಿಗುತ್ತಿತ್ತು. ಎಡ ಹೆಬ್ಬೆರಳಿನ ಪಕ್ಕದಲ್ಲಿ ಸಣ್ಣ ಮಚ್ಚೆ ಇರುವುದು ಅವಳ ಅಮ್ಮನಿಗೂ ಗೊತ್ತಿರಲಿಲ್ಲ, ನಾನು ಕಂಡುಹಿಡಿದೆ. ನಾಲ್ಕನೇ ದಿನ ಹಾಡು ನಿಲ್ಲಿಸಿದಾಗ ಪಾದ ಮುಂದೆ ಬಂದು ನನ್ನ ಕೈಯನ್ನು ತಟ್ಟಿತು. ಮತ್ತೆ ಹಾಡಿದೆ. ಅದು ಅಪ್ಪ ಬೇಕೆಂದು ತಟ್ಟಿದ್ದೋ, ಬೆರಳು ಬೇಕೆಂದು ತಟ್ಟಿದ್ದೋ ಹೇಳುವಂತಿರಲಿಲ್ಲ. ಮುಖ ನೋಡಿ ತಿಳಿದುಕೊಳ್ಳುವ ಧೈರ್ಯ ನನಗಿರಲಿಲ್ಲ.

ಕೊನೆಯ ಶುಕ್ರವಾರ ಅವಳು ನನ್ನ ತೊಡೆಯ ಮೇಲೆ ಕೂತಳು, ನನಗೆ ಬೆನ್ನು ಹಾಕಿ. ಅಳಲಿಲ್ಲ. ಬೆನ್ನು ಹಾಕಿದ್ದರಿಂದ ಅಳಲಿಲ್ಲವೋ ಏನೋ. ಅಂದು ಹೊಸ ಆಟವಿತ್ತು, ಸರದಿಯಂತೆ ಒಬ್ಬೊಬ್ಬರೂ ತಮ್ಮ ಮಗುವನ್ನು ಪಕ್ಕದವರ ಮಡಿಲಿಗೆ ದಾಟಿಸಿ ಒಂದು ಹಾಡು ಮುಗಿಯುವವರೆಗೆ ಬಿಡಬೇಕು. ನನ್ನ ಮಗಳಿಗೆ ಇದರಿಂದ ತೊಂದರೆಯಿಲ್ಲ, ಎಲ್ಲ ಮಡಿಲೂ ನನ್ನದಕ್ಕಿಂತ ವಾಸಿ ಎಂದುಕೊಂಡು ದಾಟಿಸಿದೆ.

ಹಾಡಿನ ಮೊದಲ ಸಾಲಿಗೆ ಅವಳು ಪಕ್ಕದ ತಾಯಿಯ ಮುಖ ನೋಡಿದಳು. ಎರಡನೆಯದಕ್ಕೆ ಕೆಳತುಟಿ ಮುಂದೆ ಬಂತು. ಮೂರನೆಯದಕ್ಕೆ ನಮ್ಮ ಮನೆಯ ಹಳೆಯ ಅಳು ಹೊರಟಿತು. ನನಗೆ ಅಭ್ಯಾಸವಾಗಿತ್ತಲ್ಲ, ಅವಳಿಗೆ ಕಾಣದಂತೆ ತಲೆ ತಗ್ಗಿಸಿದೆ. ಅಳು ಇನ್ನೂ ಜೋರಾಯಿತು. ತಲೆಯೆತ್ತಿದರೆ, ಅವಳು ಆ ಹೆಂಗಸಿನ ತೋಳಿನಿಂದ ಆಚೆ ಬಾಗಿ, ಎರಡೂ ಕೈ ಈ ಕಡೆ ಚಾಚಿದ್ದಳು. ಯಾರಿಗೆ ಎಂದು ನಾನು ಹಿಂದೆ ತಿರುಗಿ ನೋಡಿದೆ. ಹಿಂದೆ ಕಿಟಕಿಯ ಪರದೆ ಮಾತ್ರ ಇತ್ತು.

ಮಗುವನ್ನು ಎತ್ತಿಕೊಂಡೆ. ಅವಳು ಒದ್ದೆ ಮುಖವನ್ನು ನನ್ನ ಕುತ್ತಿಗೆಗೆ ಒತ್ತಿ, ಕಾಲರ್ ಹಿಡಿದುಕೊಂಡಳು. ಹಾಡು ಮುಗಿಯಿತು. ಮುಂದಿನ ಸರದಿಗೆ ನನ್ನ ಇನ್ನೊಂದು ಪಕ್ಕದ ತಾಯಿ ತಮ್ಮ ಮಗುವನ್ನು ನನಗೆ ಕೊಡಲು ಬಂದು, ನನ್ನ ಮುಖ ನೋಡಿ, ತಾವೇ ಇಟ್ಟುಕೊಂಡರು.

ಮಧ್ಯಾಹ್ನ ಹೆಂಡತಿ ಡ್ಯೂಟಿಯ ನಡುವೆ ಫೋನ್ ಮಾಡಿದಳು. ಮಗಳು ಕೆಳಗಿಳಿಯಲು ಒಪ್ಪದೆ ಇನ್ನೂ ನನ್ನ ಹೆಗಲ ಮೇಲೇ ಇದ್ದಳು.

"ಇವತ್ತು ಅತ್ತಳಾ?"

"ಹೌದು."

"ತುಂಬಾ?"

"ತುಂಬಾ."

"ಹಾಗಾದ್ರೆ ಅಮ್ಮನಿಗೆ ಹೇಳ್ಲಾ?" ಎಂದು ಕೇಳಿದಳು.

"ಬೇಡ," ಎಂದೆ. "ನಾನೇ ಬೇಕು ಅಂತ ಅತ್ತದ್ದು ಅವಳು." ಅಷ್ಟು ಹೇಳಿ ನಾನು ಸೊರ್ ಎಂದು ಮೂಗೆಳೆದುಕೊಂಡೆ.

"ಈಗ ಯಾರು ಅಳುದು?" ಎಂದು ಕೇಳಿದಳು ಹೆಂಡತಿ.

ಮಗಳು ಸುಮ್ಮನಾಗಿ ಬಹಳ ಹೊತ್ತಾಗಿತ್ತು.